ಎರಡು ಕೋಣೆಗಳ ನಡುವಿನ ಹೊಗೆಗೂಡು

ಲಿಮ್ ಆಂಟಿ ಬೀಗ ತೆಗೆದು ಬಾಗಿಲು ತಳ್ಳಿದ ಕೂಡಲೇ ಒದ್ದೆ ಮಸಿಯ ವಾಸನೆ ಬಂತು. ಜೋರು ಮಳೆ ಬಂದ ಮರುದಿನ ಹೊಗೆಗೂಡಿನ ಒಳಗಿನಿಂದ ಇಳಿದು ಬರುವ ವಾಸನೆ ಅದು. ಹಳೆಯ ಬೂದಿ, ಸುಣ್ಣ, ಹಕ್ಕಿಗಳು ಬಿಟ್ಟುಹೋದ ಗೂಡಿನ ಹುಲ್ಲು ಎಲ್ಲ ಅದರಲ್ಲಿ ಸೇರಿರುತ್ತದೆ. ನಾನು ಹೊಸ್ತಿಲಿನಲ್ಲೇ ನಿಂತುಬಿಟ್ಟೆ.

"ಒಳಗೆ ಬರೋಕೆ ಕಷ್ಟ ಆದ್ರೆ ಬೇಡ ಸೆಲಿನ್. ಹೊರಗೇ ಕುರ್ಚಿ ಹಾಕಿಸ್ತೀನಿ," ಎಂದರು ಆಂಟಿ, ತಮ್ಮ ಇಂಗ್ಲಿಷಿನಲ್ಲಿ. ಅವರು ಮೆಲಾಕಾದ ಚೀನೀ ಮನೆತನದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಈ ಮನೆ ಅವರದು. ಬೇಡ, ಬರುತ್ತೇನೆ ಎಂದೆ.

ಹಿಂದಿನ ವಾರ ಅವರು ಪುಚೊಂಗಿನ ನಮ್ಮ ಫ್ಲ್ಯಾಟಿಗೆ ಫೋನ್ ಮಾಡಿದ್ದರು. ನಿಂತುಹೋಗಿದ್ದ ಕೆಲಸ ಮತ್ತೆ ಶುರುವಾಗಿದೆ, ಶನಿವಾರ ನಡುಗೋಡೆ ಒಡೆಯುತ್ತಾರೆ, ಎಲ್ಲವೂ ವಲೇರಿಯನ್ ಬರೆದುಕೊಟ್ಟ ನಕ್ಷೆಯಂತೆಯೇ ನಡೆಯುತ್ತದೆ ಎಂದಿದ್ದರು. ಆ ನಕ್ಷೆಗೆ ಚೌಕಟ್ಟು ಹಾಕಿಸಿದ್ದಾರಂತೆ. ಗೋಡೆ ಹೋಗಿ ದೊಡ್ಡ ಹಾಲ್ ಆದ ಮೇಲೆ ಅಲ್ಲಿ ತೂಗುಹಾಕುತ್ತಾರಂತೆ, ಕೆಳಗೆ ವಲೇರಿಯನ್ ಹೆಸರು ಬರೆಸಿ. "ಅವನ ಕೊನೆಯ ಕೆಲಸ ಅಲ್ವಾ. ನೀನು ಬರಲೇಬೇಕು," ಎಂದಿದ್ದರು.

ವಲೇರಿಯನ್ ನನ್ನ ಗಂಡ. ಆ ಗೋಡೆಯನ್ನು ಒಡೆಯಬಾರದು ಎಂದು ಅವರು ಹೇಳಿದ್ದರು. ಹೇಳಿದ್ದು ನನಗೆ ಒಬ್ಬಳಿಗೇ, ಜ್ವರದಲ್ಲಿ, ಅದೇ ಗೋಡೆಯ ಆಚೆಯಿಂದ. ನಾನದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅವರ ಕೊನೆಯ ನಕ್ಷೆ ತಪ್ಪು ಎಂದು ಹೆಂಡತಿಯೇ ಹೇಳಿದಂತಾಗುತ್ತದೆ. ಸುಮ್ಮನಿದ್ದರೆ ಶನಿವಾರ ಗೋಡೆ ಬೀಳುತ್ತದೆ. ಪುಚೊಂಗಿನಿಂದ ಇಲ್ಲಿಯವರೆಗೂ ಬಸ್ಸಿನಲ್ಲಿ ಇದೊಂದನ್ನೇ ಯೋಚಿಸುತ್ತ ಬಂದಿದ್ದೆ. ತೀರ್ಮಾನ ಆಗಿರಲಿಲ್ಲ.

ನಾವು ಈ ಮನೆಗೆ ಬಂದದ್ದು ಎರಡು ಸಾವಿರದ ಇಪ್ಪತ್ತೊಂದರಲ್ಲಿ, ಎರಡನೆಯ ಸಲ ಎಲ್ಲವನ್ನೂ ಮುಚ್ಚಿದಾಗ. ಮೊದಲ ವರ್ಷದ ಲಾಕ್‌ಡೌನನ್ನು ಪುಚೊಂಗಿನ ಫ್ಲ್ಯಾಟಿನಲ್ಲಿ ಕಳೆದಿದ್ದೆವು. ಬಾಲ್ಕನಿಯಿಂದ ನೋಡಿದರೆ ಖಾಲಿ ರೈಲು ಹೋಗುವುದು, ಖಾಲಿ ಬರುವುದು. ನಮಗೆ ಮಕ್ಕಳಿಲ್ಲ. ಅವರು ಮಂಗಳೂರಿನವರು, ಮನೆಮಾತು ಕೊಂಕಣಿ. ನಾನು ಶಿವಮೊಗ್ಗದವಳು, ಕನ್ನಡದ ಕ್ರೈಸ್ತರ ಮನೆಯಲ್ಲಿ ಬೆಳೆದವಳು, ಓದಿದ್ದು ಪಿಯುಸಿ. ಮದುವೆಯಾದ ಮೇಲೆ ನಮ್ಮಿಬ್ಬರ ನಡುವೆ ಕನ್ನಡವೇ ಉಳಿಯಿತು. ಒಂದು ವಿಷಯ ಬಿಟ್ಟು. ಅದನ್ನು ಮುಂದೆ ಹೇಳುತ್ತೇನೆ.

ಅವರು ಪೆಟಾಲಿಂಗ್ ಜಯಾದ ಒಂದು ಸಣ್ಣ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದರು. ಹಳೆಯ ಕಟ್ಟಡಗಳನ್ನು ರಿಪೇರಿ ಮಾಡುವ ಕಂಪನಿ ಅದು. ಲಿಮ್ ಆಂಟಿಯ ಮನೆಯನ್ನು ಅತಿಥಿಗೃಹ ಮಾಡುವ ಕೆಲಸ ಅವರ ಕೈಗೆ ಬಂದಿತ್ತು. ಚಾವಣಿಯ ಹೆಂಚುಗಳನ್ನು ಅರ್ಧ ಇಳಿಸುವಷ್ಟರಲ್ಲಿ ಎಲ್ಲ ಕಟ್ಟಡ ಕೆಲಸ ನಿಲ್ಲಿಸಬೇಕು ಎಂಬ ಆದೇಶ ಬಂತು. ಕೆಲಸಗಾರರು ಹೋದರು. ಮನೆ ತಲೆ ತೆರೆದುಕೊಂಡು ನಿಂತಿತು.

"ಹಾಗೇ ಬಿಟ್ಟು ಬರ್ಲಿಕ್ಕೆ ಆಗ್ತದಾ?" ಎಂದರು ಅವರು. "ಎರಡು ಮಳೆ ಬಂದ್ರೆ ಒಳಗೆ ಕೆರೆ. ಒಬ್ಬ ಇದ್ದು ಟಾರ್ಪಾಲು ನೋಡ್ಕೊಳ್ಬೇಕು."

"ಆ ಒಬ್ಬ ನೀವೇ ಆಗ್ಬೇಕಾ?"

"ನೀನು ಬಂದ್ರೆ ಇಬ್ಬರಾಗ್ತೇವೆ."

ಅನುಮತಿ ಪತ್ರ ತೋರಿಸುತ್ತ, ಪೊಲೀಸರ ತಡೆಗಳನ್ನು ದಾಟುತ್ತ ಬಂದೆವು. ಮೆಲಾಕಾ ಪಟ್ಟಣದಿಂದ ಒಳಕ್ಕೆ, ಹಿಂದೆ ರಬ್ಬರ್ ಎಸ್ಟೇಟ್ ಆಗಿದ್ದ ಜಾಗ. ಈಗ ಎಲ್ಲ ಕಡೆ ಎಣ್ಣೆತಾಳೆ. ದಾರಿಯ ಪಕ್ಕದ ಮನೆಗಳಲ್ಲಿ ಕೆಲವು ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಮನೆಯಲ್ಲಿ ಅಕ್ಕಿ ಇಲ್ಲ, ಯಾರಾದರೂ ಸಹಾಯ ಮಾಡಿ ಎಂದು ಅದರ ಅರ್ಥ. ಅವರು ಒಂದೆರಡು ಕಡೆ ಕಾರು ನಿಲ್ಲಿಸಿ ನಮ್ಮ ಚೀಲದಿಂದ ಅಕ್ಕಿ, ಬೇಳೆ ಇಳಿಸಿದರು. ತಾಳೆಮರಗಳ ಕತ್ತಲು ದಾಟಿದ ಮೇಲೆ ಒಂದು ದಿಬ್ಬದ ಮೇಲೆ ಮನೆ ಕಂಡಿತು.

ನಾನು ಅಂಥ ಮನೆಯನ್ನು ಈ ದೇಶದಲ್ಲಿ ನೋಡಿರಲಿಲ್ಲ. ಬೇರೆ ಎಸ್ಟೇಟುಗಳ ದೊರೆಗಳೆಲ್ಲ ಕಂಬಗಳ ಮೇಲೆ ಎತ್ತರಿಸಿದ, ಸುತ್ತ ಜಗಲಿಯಿದ್ದ, ಗಾಳಿಯಾಡುವ ಬಂಗಲೆಗಳನ್ನು ಕಟ್ಟಿಸಿಕೊಂಡಿದ್ದರಂತೆ. ಈ ಮನೆ ಕಟ್ಟಿಸಿದವನು ಸ್ಕಾಟ್ಲೆಂಡಿನವನು. ಅವನ ಅಪ್ಪ ಅಲ್ಲಿ ಒಬ್ಬ ಜಮೀನ್ದಾರನ ಕಾಡು ಕಾಯುತ್ತಿದ್ದನಂತೆ, ಆಳುಗಳಿಗೆಂದು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಮಗ ಹುಟ್ಟಿ ಬೆಳೆದನಂತೆ. ಆಗ ಮಲಯಾ ಎನ್ನುತ್ತಿದ್ದ ಈ ದೇಶಕ್ಕೆ ಬಂದು ತಾನೇ ದೊರೆಯಾದಾಗ ಅದೇ ಮನೆಯನ್ನು ಇಲ್ಲಿ ಮತ್ತೆ ಎಬ್ಬಿಸಿದ. ಲಿಮ್ ಆಂಟಿಯ ಅಪ್ಪ ಆ ಜಾಗ ಕೊಂಡಾಗ ಗೋಡೆಯ ಮೇಲೆ ಒಂದು ಫೋಟೋ ಇತ್ತು. ಆಂಟಿ ಅದನ್ನು ತೆಗೆಯದೆ ಉಳಿಸಿದ್ದರು. ಸ್ಕಾಟ್ಲೆಂಡಿನ ಆ ಮೂಲ ಮನೆ, ಚಾವಣಿಯ ಮೇಲೆ ಹಿಮ. ಫೋಟೋ ಹಿಡಿದು ಹೊರಗೆ ಬಂದು ನೋಡಿದರೆ ಬಾಗಿಲು, ಕಿಟಕಿ, ಮಾಡಿನ ಇಳಿಜಾರು ಎಲ್ಲ ಒಂದೇ. ಹಿಮದ ಜಾಗದಲ್ಲಿ ಪಾಚಿ, ಅಷ್ಟೆ.

ಒರಟು ಕಲ್ಲಿನ ಗೋಡೆಗಳು, ಎರಡು ಮೊಳ ದಪ್ಪ. ಕಿಟಕಿಗಳು ಹೊರಗೆ ಚಿಕ್ಕವು, ಒಳಗೆ ಬರುತ್ತ ಬರುತ್ತ ಗೋಡೆಯೇ ಅಗಲವಾಗಿ ಬಿಡಿಸಿಕೊಳ್ಳುತ್ತದೆ, ಸಿಕ್ಕಿದಷ್ಟು ಬೆಳಕನ್ನು ಚೆಲ್ಲುವುದಕ್ಕೆ. ಆ ಕಿಟಕಿಯ ಕಟ್ಟೆ ಒಬ್ಬರು ಕಾಲು ಮಡಚಿ ಕೂರುವಷ್ಟು ಆಳ. ಮುಂಬಾಗಿಲು ನಡುಮಧ್ಯೆ. ಒಳಗೆ ಕಾಲಿಟ್ಟರೆ ಇಬ್ಬರು ನಿಲ್ಲುವಷ್ಟು ಜಾಗ, ಎದುರಿಗೇ ಕಲ್ಲಿನ ಗೋಡೆ. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು, ಒಂದೊಂದು ಕೋಣೆಗೆ. ಎದುರು ಕಾಣುವುದು ನಡುಗೋಡೆಯ ದಪ್ಪ ತುದಿ, ಗೋಡೆ ಅಲ್ಲಿಂದ ಹಿಂದಕ್ಕೆ ಹೋಗಿ ಎರಡು ಕೋಣೆಗಳನ್ನು ಬೇರೆ ಮಾಡುತ್ತದೆ. ಅದರ ಎರಡೂ ಮಗ್ಗುಲಿಗೆ, ಬೆನ್ನಿಗೆ ಬೆನ್ನು ಕೊಟ್ಟು, ಎರಡು ಅಗ್ಗಿಷ್ಟಿಕೆಗಳು. ಚಳಿಗೆ ಬೆಂಕಿ ಹಾಕಿ ಕೂರುವ ಒಲೆಗಳು. ಎರಡರ ಹೊಗೆಯೂ ಒಂದೇ ಹೊಗೆಗೂಡಿನಲ್ಲಿ ಮೇಲೇರಿ ಮಾಡಿನ ನೆತ್ತಿಯಲ್ಲಿ ಹೊರಬೀಳಬೇಕು. ಎಸ್ಟೇಟಿನ ತಮಿಳರು ಇದನ್ನು ಹೊಗೆಗೂಡಿನ ಮನೆ ಎಂದೇ ಕರೆಯುತ್ತಿದ್ದರು.

"ಇಲ್ಲಿ ಬೆಂಕಿ ಹಾಕಿ ಕೂತ್ಕೊಳ್ತಿದ್ನಾ ಪುಣ್ಯಾತ್ಮ?" ಎಂದು ನಾನು ಬೆವರು ಒರೆಸಿಕೊಳ್ಳುತ್ತ ಕೇಳಿದೆ.

"ಮತ್ತೆ? ಕಲ್ಲಡ್ಕದ ಸೆಕೆಯಲ್ಲಿ ನಮ್ಮ ಮಾವ ಕೋಟು ಹಾಕಿ ಚರ್ಚಿಗೆ ಹೋಗ್ತಿರ್ಲಿಲ್ವಾ? ಅಭ್ಯಾಸ ಮಾರಾಯ್ತಿ. ಮನುಷ್ಯ ಮನೆ ಕಟ್ಟೋದು ಹವೆ ನೋಡಿ ಅಲ್ಲ."

ಯಾವುದೋ ಕಾಲದಲ್ಲಿ ಹೊಗೆಗೂಡಿನ ಬಾಯಿಗೆ ಸಿಮೆಂಟಿನ ಮುಚ್ಚಳ ಹಾಕಿ, ಒಳಗೋಡೆಗಳಿಗೂ ಸಿಮೆಂಟ್ ಬಳಿದಿದ್ದರು. ಅಂದಿನಿಂದ ಮನೆ ಬೆವರುತ್ತಿತ್ತು. ನಾವು ಬಂದ ದಿನಗಳಲ್ಲಿ ಗೋಡೆ ಮುಟ್ಟಿದರೆ ಅಂಗೈ ಒದ್ದೆಯಾಗುತ್ತಿತ್ತು. ಚಾಪೆಗೆ ಬೂಷ್ಟು, ಚಪ್ಪಲಿಗೆ ಬೂಷ್ಟು. ನನ್ನ ಜಪಸರದ ದಾರಕ್ಕೂ ಹಸಿರು ಕಟ್ಟಿತ್ತು. ಅವರ ನಕ್ಷೆ ಇದಕ್ಕೆ ಉಪಾಯ ಕಂಡುಕೊಂಡಿತ್ತು. ನಡುಗೋಡೆಯನ್ನೂ ಒಲೆಗಳನ್ನೂ ತೆಗೆದು ಎರಡು ಕೋಣೆ ಒಂದು ಮಾಡುವುದು, ಗಾಳಿ ಈ ಕಿಟಕಿಯಿಂದ ಆ ಕಿಟಕಿಗೆ ಹಾಯಲು ಬಿಡುವುದು. ಹೊಗೆಗೂಡಿನ ತಲೆಯನ್ನು ಮಾತ್ರ ಕಬ್ಬಿಣದ ತೊಲೆಯ ಮೇಲೆ ಹೊರಗಿನ ಚೆಂದಕ್ಕೆ ಉಳಿಸಿಕೊಳ್ಳುವುದು. ತೊಲೆ ಬಂದಿರಲಿಲ್ಲ. ಅಲ್ಲಿಯವರೆಗೆ ಒಬ್ಬರೇ ಮಾಡಬಹುದಾದ ಕೆಲಸ ಎಂದು ಅವರು ಏಣಿ ಹತ್ತಿ ಆ ಮುಚ್ಚಳ ಒಡೆದು ತೆಗೆದರು, ಮಳೆ ಒಳಗೆ ಬೀಳದಂತೆ ಬಾಯಿಯ ಮೇಲೆ ತಗಡಿನ ಕೊಡೆ ನಿಲ್ಲಿಸಿದರು. ತಲೆಯ ಕಲ್ಲುಗಳ ಸಂದಿಗೆ ಸುಣ್ಣದ ಗಾರೆ ತುಂಬತೊಡಗಿದರು.

ಸುಣ್ಣಕ್ಕೆ ಅವಸರ ಆಗುವುದಿಲ್ಲ. ನಿಧಾನವಾಗಿ ಒಣಗಬೇಕು. ಒದ್ದೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತ ಇರಬೇಕು. ಬಿಟ್ಟರೆ ಬಿರುಕು. ಆ ವಾರಗಳಲ್ಲೇ ಅವರ ಲಸಿಕೆಯ ದಿನ ಫೋನಿಗೆ ಬಂತು, ಪುಚೊಂಗಿನ ಸಭಾಂಗಣದಲ್ಲಿ. ನನ್ನದು ಬಂದಿರಲಿಲ್ಲ.

"ಹೋಗಿ ಬನ್ನಿ. ಗೋಣಿಗೆ ನೀರು ನಾನು ಹಾಕ್ತೀನಿ," ಎಂದೆ.

"ನಿನ್ನನ್ನು ಆ ಏಣಿ ಹತ್ತಿಸಿ ನಾನು ಅಲ್ಲಿ ಕ್ಯೂ ನಿಲ್ಲುವುದಾ? ನಿನ್ನದೂ ಬರ್ಲಿ. ಒಟ್ಟಿಗೆ ಹೋಗುವ."

ಇದರಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ದಿನ ಮುಂದೆ ಹಾಕಿಕೊಂಡರು. ಆಗ ಎಲ್ಲರೂ ಯಾವುದನ್ನಾದರೂ ಮುಂದೆ ಹಾಕುತ್ತಲೇ ಇದ್ದರು.

ನಮ್ಮನ್ನು ನೋಡಲು ಬರುತ್ತಿದ್ದವನು ಅಂತೋಣಿ ಒಬ್ಬನೇ. ಎಸ್ಟೇಟಿನಲ್ಲೇ ಹುಟ್ಟಿದವನು, ತಾಳೆತೋಟ ನೋಡಿಕೊಳ್ಳುವವನು, ತಮಿಳು ಕ್ರೈಸ್ತ. ನನ್ನನ್ನು ಅಕ್ಕಾ ಎನ್ನುತ್ತಿದ್ದ, ವಯಸ್ಸಿನಲ್ಲಿ ನನಗಿಂತ ದೊಡ್ಡವನಾದರೂ. ಜಂಕ್ಷನ್ನಿನ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನಿಂದ ರೊಟ್ಟಿ, ಸಾರನ್ನು ತಪಾವ್ ಎಂದು ಪೊಟ್ಟಣ ಕಟ್ಟಿಸಿಕೊಂಡು ಬಂದು ಗೇಟಿಗೆ ನೇತುಹಾಕಿ, ದೂರ ನಿಂತು ಕೂಗುತ್ತಿದ್ದ. "ಅಕ್ಕಾ, ಸಾರ್‌ನ ಮೊದಲು ಕೆಳಗಿಳಿಸಿ ಸಾಪಾಟು ಹಾಕಿ ಲಾ. ಆ ಚಿಮ್ನಿ ಎಲ್ಲೂ ಓಡಿಹೋಗಲ್ಲ."

ಹಗಲು ಹೀಗೆ ಹೋಗುತ್ತಿತ್ತು. ಬೆಳಗಿನ ಜಾವ ಕೆಲವೊಮ್ಮೆ ಸುಮಾತ್ರಾ ಕಡೆಯಿಂದ ಬಿರುಗಾಳಿ ಬರುತ್ತಿತ್ತು. ಸಮುದ್ರ ದಾಟಿ, ತಾಳೆಗರಿಗಳನ್ನೆಲ್ಲ ಒಂದೇ ಕಡೆಗೆ ಬಾಚುತ್ತ, ಮಳೆಯ ಗೋಡೆಯೊಂದನ್ನು ತಳ್ಳಿಕೊಂಡು. ಇಬ್ಬರೂ ಎದ್ದು ಟಾರ್ಪಾಲಿನ ಹಗ್ಗ ಹಿಡಿದು ನಿಲ್ಲುತ್ತಿದ್ದೆವು. ಸಂಜೆ ಜಪಸರ.

ಒಂದು ವಿಷಯ ಬಿಟ್ಟು ಎಂದೆನಲ್ಲ, ಅದು ಇದು. ಜಪಸರದ ಪ್ರಾರ್ಥನೆಯನ್ನು ಮಣಿಮಣಿಗೂ ಇಬ್ಬರು ಹಂಚಿಕೊಂಡು ಹೇಳುತ್ತಾರೆ. ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು. ಅವರಿಗೆ ಪ್ರಾರ್ಥನೆ ಬರುತ್ತಿದ್ದದ್ದು ಕೊಂಕಣಿಯಲ್ಲಿ, ನನಗೆ ಕನ್ನಡದಲ್ಲಿ. ಮದುವೆಯಾದ ಹೊಸತರಲ್ಲಿ ಯಾರು ಯಾರದನ್ನು ಕಲಿಯಬೇಕು ಎಂದು ಒಂದು ವಾರ ಮುನಿಸಾಯಿತು. ಕೊನೆಗೆ ಯಾರೂ ಕಲಿಯಲಿಲ್ಲ. ಅವರು ಮೊದಲರ್ಧವನ್ನು ಕೊಂಕಣಿಯಲ್ಲಿ ಹೇಳುವರು, ನಾನು ಉತ್ತರವನ್ನು ಕನ್ನಡದಲ್ಲಿ ಕೊಡುವೆನು. ಅಷ್ಟು ವರ್ಷವೂ ಹಾಗೆಯೇ ನಡೆಯಿತು. ಮೊದಲರ್ಧದಲ್ಲಿ ಇರುವುದು ಮಾತೆ ಮರಿಯಳಿಗೆ ಬರೀ ವಂದನೆ, ಸಂತೋಷದ ಮಾತು. ಈಗಲೂ ನಮ್ಮ ಸಾವಿನ ಹೊತ್ತಿನಲ್ಲೂ ನಮಗಾಗಿ ಬೇಡು ಎನ್ನುವುದು ಎರಡನೆಯ ಅರ್ಧ. ಅದು ನನ್ನ ಪಾಲಿಗೆ ಬಂದಿತ್ತು. ಆಗ ಯಾರು ಅದನ್ನು ಯೋಚಿಸಿದ್ದರು?

ಸೋಂಕು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅವರು ಗ್ಯಾಸ್ ಸಿಲಿಂಡರ್ ತರಲು ಜಂಕ್ಷನ್ನಿಗೆ ಹೋಗಿದ್ದರು, ಅಲ್ಲಿಯೋ ಏನೋ. ಒಂದು ಸಂಜೆ ಏಣಿಯಿಂದ ಇಳಿದು, "ಸುಣ್ಣದ ವಾಸನೆ ಬರ್ತಾ ಇಲ್ಲ," ಎಂದರು. ಎರಡು ದಿನದಲ್ಲಿ ಪರೀಕ್ಷೆಯ ಫಲ ಬಂತು. ಅವರಿಗೆ ಇದೆ, ನನಗೆ ಇಲ್ಲ. ಆರೋಗ್ಯ ಕೇಂದ್ರದವರು ಮಣಿಕಟ್ಟಿಗೆ ಗುಲಾಬಿ ಬಣ್ಣದ ಪಟ್ಟಿ ಕಟ್ಟಿದರು. ಮನೆಯಲ್ಲೇ ಬೇರೆ ಕೋಣೆಯಲ್ಲಿರಲಿ, ಉಸಿರು ಕಟ್ಟಿದರೆ ಮಾತ್ರ ಫೋನ್ ಮಾಡಿ, ಆಸ್ಪತ್ರೆಗಳಲ್ಲಿ ಜಾಗವಿಲ್ಲ ಎಂದರು. ಅವರು ಎಡಗಡೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಲಗಡೆಯದರಲ್ಲಿ ಉಳಿದೆ. ಊಟವನ್ನು ನಡುವಿನ ಆ ಸಣ್ಣ ಜಾಗದಲ್ಲಿಟ್ಟು, ನನ್ನ ಬಾಗಿಲು ಮುಚ್ಚಿಕೊಂಡ ಮೇಲೆ ಗೋಡೆಗೆ ಬಡಿಯುತ್ತಿದ್ದೆ.

ಮೊದಲ ಸಂಜೆ ಫೋನಿನಲ್ಲಿ ಜಪಸರ ಹೇಳೋಣವೆಂದರೆ ಸಿಗ್ನಲ್ ಇರಲಿಲ್ಲ. ನಾನು ಸುಮ್ಮನೆ ಒಲೆಯ ಮುಂದೆ ಮಂಡಿಯೂರಿದ್ದೆ. ಆಗ ಒಲೆಯ ಒಳಗಿನಿಂದ ಕೆಮ್ಮು ಕೇಳಿಸಿತು, ಎದುರಿಗೇ ಕೂತವರು ಕೆಮ್ಮಿದ ಹಾಗೆ. ನಾನು ತಲೆ ಬಗ್ಗಿಸಿ, "ರೀ, ಕೇಳಿಸ್ತಾ ಇದೆಯಾ?" ಎಂದೆ.

"ಕೇಳ್ತದೆ," ಎಂದಿತು ಒಲೆ. "ಮೇಲೆ ಎರಡೂ ದಾರಿ ಸೇರುವಲ್ಲಿ ನಡುವಿನ ಕಲ್ಲು ಬಿದ್ದು ಕಿಂಡಿ ಆಗಿದೆ, ನಾನು ನೋಡಿದ್ದೆ. ಒಳ್ಳೇ ಟೆಲಿಫೋನ್ ಆಯ್ತಲ್ಲ. ಕಂಪನಿಗೆ ಬಿಲ್ ಕಳಿಸುವ."

ಅಂದಿನಿಂದ ಪ್ರತಿ ಸಂಜೆ ನಾವಿಬ್ಬರೂ ಒಂದೇ ಗೋಡೆಯ ಎರಡು ಮಗ್ಗುಲಿಗೆ ಕೂತೆವು. ಅವರ ಕೊಂಕಣಿ ಮಸಿಯೊಳಗಿನಿಂದ ಇಳಿದು ಬರುತ್ತಿತ್ತು, ನನ್ನ ಕನ್ನಡ ಹತ್ತಿ ಹೋಗುತ್ತಿತ್ತು. ಪ್ರಾರ್ಥನೆ ಮುಗಿದ ಮೇಲೆ ಮಾತು. ಅವರ ಅಮ್ಮ ಮಾಡುತ್ತಿದ್ದ ಒಣಮೀನಿನ ಚಟ್ನಿ, ನನ್ನ ಅಣ್ಣನ ಮದುವೆಯಲ್ಲಿ ಬ್ಯಾಂಡಿನವರು ದಾರಿ ತಪ್ಪಿ ಬೇರೆಯವರ ಮದುವೆಗೆ ಹೋದದ್ದು. ಅವರು ನಗುವುದು, ನಗು ಕೆಮ್ಮಾಗುವುದು, ನಾನು ಸಾಕು ಮಾಡಿ ಎನ್ನುವುದು.

ಒಂದು ಸಂಜೆ ಪ್ರಾರ್ಥನೆಗೆ ಮೊದಲೇ ಕರೆದರು. "ಸೆಲಿನ್, ನಿನ್ನ ಒಲೆ ಮುಂದೆ ಒಂದು ಕ್ಯಾಂಡಲ್ ಹಚ್ಚು. ಬೆಂಕಿ ಎತ್ತ ಬಾಗ್ತದೆ ನೋಡು."

ಹಚ್ಚಿದೆ. "ಒಳಕ್ಕೆ. ಒಲೆ ಕಡೆಗೆ."

"ಇಲ್ಲಿಯೂ ಹಾಗೇ. ಕಿಟಕಿ ಮುಚ್ಚಿದ್ರೂ?"

"ಮುಚ್ಚಿದ್ರೂ ಹಾಗೇ."

ಮುಂದಿನ ಮಾತು ತುಂಡು ತುಂಡಾಗಿ ಬಂತು. "ಗೋಡೆ ಮುಟ್ಟಿ ನೋಡು. ಒಣಗಿದೆ ಅಲ್ವಾ? ನಾನು ಮುಚ್ಚಳ ತೆಗೆದ ಮೇಲೆ ಒಣಗಿದ್ದು. ಸೆಕೆ ಗಾಳಿಯನ್ನು ಈ ಗೂಡು ಮೇಲಕ್ಕೆ ಎಳೀತದೆ ಮಾರಾಯ್ತಿ. ಕೆಳಗಿಂದ ತಂಪು ಬರ್ತದೆ. ಅವನು ಚಳಿಗೆ ಕಟ್ಟಿದ್ದು ಇಲ್ಲಿ ಸೆಕೆಗೆ ಆಯ್ತು. ಈ ಮನೆ ಉಸಿರಾಡುವುದು ಇದರಲ್ಲೇ. ನಾನು ಅದನ್ನೇ ತೆಗೀಲಿಕ್ಕೆ ಬರೆದಿದ್ದೇನೆ."

"ಈಗ ಅದೆಲ್ಲ ಯಾಕ್ರೀ. ಮಲ್ಕೊಳ್ಳಿ."

"ಈ ಗೋಡೆ ಒಡೀಬಾರದು. ನಕ್ಷೆ ತಪ್ಪು. ಗುಣ ಆದ ಮೇಲೆ ಬೇರೆ ಬರೀತೇನೆ. ನೆನಪಿಟ್ಕೋ."

ಗೋಡೆ ಮುಟ್ಟಿ ನೋಡಿದೆ. ಒಣಗಿತ್ತು. ಎಷ್ಟೋ ದಿನದಿಂದ ನನ್ನ ಬಟ್ಟೆಗಳಿಗೆ ಬೂಷ್ಟು ಹಿಡಿದಿರಲಿಲ್ಲ. ಕಲ್ಲಿನ ಮನೆಗೆ ಉಸಿರು ಬಂದಿತ್ತು. ಆಚೆ ಮಗ್ಗುಲಿನಲ್ಲಿ ಅವರು ಒಂದು ವಾಕ್ಯಕ್ಕೆ ಮೂರು ಸಲ ನಿಲ್ಲುತ್ತಿದ್ದರು.

ಮರುದಿನ ಅವರ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ಆಮ್ಲಜನಕದ ಅಂಕಿ ಇಳಿಯಿತು. ದಿಬ್ಬದ ತುದಿಗೆ ಓಡಿಹೋಗಿ ಫೋನ್ ಮಾಡಿದೆ. ಸಾಲಿನಲ್ಲಿದ್ದೀರಿ ಎಂದು ಹಾಡು ಬರುತ್ತಿತ್ತು. ಮತ್ತೆ ಮತ್ತೆ ಮಾಡಿದ ಮೇಲೆ ಒಬ್ಬಳು ಹುಡುಗಿ ಸಿಕ್ಕಿ ಎಲ್ಲ ಬರೆದುಕೊಂಡು, ಗಾಡಿ ಬಂದಾಗ ಬರುತ್ತದೆ ಆಂಟಿ ಎಂದಳು. ಅವಳ ದನಿಯೇ ಅಳುವಂತಿತ್ತು. ಅಂದು ಸಂಜೆ ಅವರು ಪ್ರಾರ್ಥನೆ ಶುರು ಮಾಡಿದರು. ನಮಾನ್ ಮರಿಯೆ ಎಂಬ ಮೊದಲ ಮಾತಿಗೇ ಉಸಿರು ಮುಗಿಯಿತು. ನಾನು ಕಾದೆ. ಆಮೇಲೆ ಒಲೆಯ ಕಬ್ಬಿಣದ ಸರಳಿಗೆ ಟಣ್ ಎಂದು ಒಂದು ಪೆಟ್ಟು. ಉಳಿದದ್ದನ್ನು ಮನಸ್ಸಿನಲ್ಲೇ ಹೇಳಿ ಮುಗಿಸಿದ್ದೇನೆ ಎಂದು ಅದರ ಅರ್ಥ ಎಂದು ತಿಳಿದುಕೊಂಡು ನಾನು ನನ್ನ ಅರ್ಧ ಹೇಳಿದೆ. ಮತ್ತೆ ಮೌನ, ಮತ್ತೆ ಟಣ್. ಜಪಸರ ಪೂರ್ತಿ ಹಾಗೆಯೇ ಆಯಿತು. ಸಾವಿನ ಹೊತ್ತಿನ ಮಾತನ್ನು ನಾನು ಅಷ್ಟು ಸಲ ಒಬ್ಬಳೇ ಗಟ್ಟಿಯಾಗಿ ಹೇಳಿದೆ, ಅವರು ಪ್ರತಿ ಸಲವೂ ಮುಂದಿನದಕ್ಕೆ ಪೆಟ್ಟು ಕೊಟ್ಟರು.

ಬೆಳಗಿನ ಜಾವ ಸುಮಾತ್ರಾ ಗಾಳಿ ಎದ್ದಿತು. ಎಸ್ಟೇಟಿನ ದಾರಿಗೆ ಮರ ಬಿತ್ತು. ಅಂತೋಣಿ ಗರಗಸದ ಯಂತ್ರ ತಂದು ಮಳೆಯಲ್ಲೇ ಕಡಿದು ದಾರಿ ಬಿಡಿಸಿದ. ಬೆಳಕಾದ ಮೇಲೆ ಆಂಬುಲೆನ್ಸ್ ಬಂತು. ಮೈಪೂರ್ತಿ ಬಿಳಿ ಹೊದ್ದವರು ಅವರನ್ನು ಕರೆತಂದರು. ನನಗೆ ಕೋಣೆಯಿಂದ ಹೊರಬರಬೇಡಿ ಎಂದಿದ್ದರು. ನಾನು ಆ ಆಳದ ಕಿಟಕಿಕಟ್ಟೆಯ ಮೇಲೆ ಹತ್ತಿ ಗಾಜಿಗೆ ಮುಖ ಒತ್ತಿದೆ. ಕಿಟಕಿ ಅಷ್ಟು ಚಿಕ್ಕದು. ಒಂದು ಗುಲಾಬಿ ಪಟ್ಟಿ ಕಟ್ಟಿದ ಕೈ, ಒಂದು ಚಪ್ಪಲಿ ಕಾಣಿಸಿತು. ಅವರು ತಲೆಯೆತ್ತಿ ನೋಡುತ್ತಿದ್ದದ್ದು ನನ್ನನ್ನಲ್ಲ, ಗಾಳಿಗೆ ಬಿಚ್ಚಿದ ಟಾರ್ಪಾಲಿನ ಮೂಲೆಯನ್ನು. ಬೆರಳೆತ್ತಿ ಅದನ್ನು ತೋರಿಸಿದರು, ಕಟ್ಟು ಎನ್ನುವಂತೆ. ಆಂಬುಲೆನ್ಸಿನ ಬಾಗಿಲು ಮುಚ್ಚಿತು. ನಾನು ಕಟ್ಟಿದೆ.

ಆಮೇಲಿನದನ್ನು ಹೆಚ್ಚು ಹೇಳಲಾರೆ. ಆಸ್ಪತ್ರೆಯಲ್ಲಿ ಉಸಿರಾಟಕ್ಕೆ ನಳಿಕೆ ಹಾಕಿದರು. ಅಷ್ಟರಲ್ಲಿ ನನಗೂ ಬಂದಿತ್ತು, ಮೆಲ್ಲಗೆ, ಮೈಕೈ ನೋವಿನಷ್ಟು. ನನ್ನ ಮಣಿಕಟ್ಟಿಗೂ ಪಟ್ಟಿ. ಅವರು ಹೋದ ಸುದ್ದಿಯನ್ನು ಡಾಕ್ಟರು ಫೋನಿನಲ್ಲಿ ಹೇಳಿದಾಗ ನಾನು ದಿಬ್ಬದ ತುದಿಯಲ್ಲಿ ಒಬ್ಬಳೇ ನಿಂತಿದ್ದೆ. ಮಣ್ಣು ಮಾಡುವುದಕ್ಕೂ ಹೋಗುವಂತಿರಲಿಲ್ಲ. ಅಂತೋಣಿ ಹೋದ. ಸಮಾಧಿಯಿಂದ ದೂರ, ಬೇಲಿಯ ಹೊರಗೆ ನಿಂತು ವಿಡಿಯೋ ಕಾಲ್ ಮಾಡಿದ. ಪಾದ್ರಿಯ ಇಂಗ್ಲಿಷ್ ಪ್ರಾರ್ಥನೆ ಗಾಳಿಯಲ್ಲಿ ಹರಿದು ಹರಿದು ಕೇಳಿಸುತ್ತಿತ್ತು. ಪರದೆಯ ಮೇಲೆ ಮಾತ್ರ ಕೆಂಪು ಬೆರೆತ ಕತ್ತಲೆ. ಅವನ ಹೆಬ್ಬೆರಳು ಕ್ಯಾಮೆರಾದ ಕಣ್ಣಿನ ಮೇಲಿತ್ತು. ಅಂತೋಣಿ, ಬೆರಳು, ಬೆರಳು ಎಂದು ಕೂಗಿದೆ. ಅವನು ಅಳುತ್ತಿದ್ದ, ಕೇಳಿಸಲಿಲ್ಲ. ಕೊನೆಗೊಮ್ಮೆ ಬೆರಳು ಸರಿದಾಗ ಹಸಿಮಣ್ಣಿನ ಗುಡ್ಡೆಯೂ ಸಲಿಕೆಯನ್ನು ತೊಳೆಯುತ್ತಿದ್ದ ಬಿಳಿ ಉಡುಪಿನವರೂ ಕಂಡರು.

"ಅಕ್ಕಾ, ಎಲ್ಲಾ ಸರಿಯಾಗಿ ಕಾಣಿಸ್ತಾ?" ಎಂದು ಕೇಳಿದ.

"ಕಾಣಿಸ್ತು ಅಂತೋಣಿ," ಎಂದೆ.

ಪುಚೊಂಗಿಗೆ ಮರಳಿದೆ. ಕರ್ನಾಟಕದಿಂದ ಓದಲು ಬಂದಿರುವ ಕೆಲವು ಮಕ್ಕಳಿಗೆ ಊಟ ಕಳಿಸುತ್ತೇನೆ, ಅದರಲ್ಲಿ ದಿನ ಸಾಗುತ್ತದೆ. ಭಾನುವಾರ ಚರ್ಚಿನಲ್ಲಿ ಎಲ್ಲರ ಜೊತೆ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಮನೆಯಲ್ಲಿ ಜಪಸರ ಹಿಡಿದರೆ ಮೊದಲರ್ಧಕ್ಕೆ ಬಾಯಿ ಬರುವುದಿಲ್ಲ. ಕನ್ನಡದಲ್ಲಿ ಅದು ನನಗೆ ಗೊತ್ತು, ಚಿಕ್ಕಂದಿನಿಂದ ಗೊತ್ತು. ಆದರೂ ಅದು ನನ್ನ ಪಾಲಿನದಲ್ಲ. ಜಪಸರವನ್ನು ಡಬ್ಬಿಗೆ ಹಾಕಿಬಿಡುತ್ತೇನೆ.

ಈಗ ಲಿಮ್ ಆಂಟಿಯ ಹಿಂದೆ ಒಳಗೆ ಬಂದರೆ ಎಲ್ಲ ಹಾಗೆಯೇ ಇತ್ತು. ಮಾಡು ಪೂರ್ತಿಯಾಗಿತ್ತು. ಕಬ್ಬಿಣದ ತೊಲೆ ಅಂಗಳದಲ್ಲಿ ಬಿದ್ದಿತ್ತು. ನಡುಗೋಡೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ದೊಡ್ಡ ಗುಣಾಕಾರದ ಗುರುತು ಹಾಕಿದ್ದರು, ಒಡೆಯುವುದಕ್ಕೆ. ಬಲಗಡೆಯ ಕೋಣೆಯ ಗೋಡೆಗೆ ಒರಗಿಸಿಟ್ಟ ಚೌಕಟ್ಟಿನಲ್ಲಿ ಅವರ ನಕ್ಷೆ. ಅವರ ಕೈಬರಹದ ಸಣ್ಣ ಅಕ್ಷರಗಳು, ಮೂಲೆಯಲ್ಲಿ ಸಹಿ.

"ಚೆನ್ನಾಗಿ ಬಂದಿದೆ ಅಲ್ವಾ?" ಎಂದರು ಆಂಟಿ.

ಚೆನ್ನಾಗಿಯೇ ಇತ್ತು. ಅವರದೆಂದು ಈ ದೇಶದಲ್ಲಿ ಉಳಿದದ್ದು ಒಂದು ಸಮಾಧಿ, ಒಂದು ಈ ಕಾಗದ. ನಾನು ಸುಮ್ಮನಿರಬಹುದಿತ್ತು. ಕೈ ತಾನಾಗಿ ಗೋಡೆಯನ್ನು ಮುಟ್ಟಿತು. ಹೊರಗೆ ರಾತ್ರಿಯೆಲ್ಲ ಮಳೆ ಬಂದಿದ್ದರೂ ಗೋಡೆ ಒಣಗಿತ್ತು.

"ಆಂಟಿ, ಈ ಗೋಡೆ ಒಡೆಯಬಾರದು ಅಂತ ಅವರು ಹೇಳಿದ್ದಾರೆ," ಎಂದೆ.

"ಯಾರು?"

"ಅವರೇ. ಈ ನಕ್ಷೆ ತಪ್ಪು ಅಂತ. ಕಾಯಿಲೆಯಲ್ಲಿದ್ದಾಗ."

ಆಂಟಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಜ್ವರದಲ್ಲಿ ಮನುಷ್ಯ ಏನೇನೋ ಹೇಳ್ತಾನೆ ಸೆಲಿನ್. ನನ್ನ ಗಂಡ ಸಾಯುವಾಗ ನಾಯಿಗೆ ಸ್ನಾನ ಮಾಡಿಸು ಅಂದ. ನಮ್ಮಲ್ಲಿ ನಾಯಿಯೇ ಇರಲಿಲ್ಲ."

"ಇರಬಹುದು. ಒಂದು ಕ್ಯಾಂಡಲ್ ಕೊಡಿ."

ನಮ್ಮ ಹಿಂದೆಯೇ ಬಂದಿದ್ದ ಅಂತೋಣಿ ತನ್ನ ಮನೆಯಿಂದ ತಂದ. ಕಿಟಕಿ ಬಾಗಿಲು ಮುಚ್ಚಿ ಒಲೆಯ ಮುಂದೆ ಹಚ್ಚಿಟ್ಟೆವು. ಬೆಂಕಿ ನೆಟ್ಟಗೆ ನಿಂತಿತು. ಜ್ವರದ ಮಾತನ್ನೇ ಹಿಡಿದುಕೊಂಡು ಬಂದೆನೇ ಎಂದುಕೊಂಡೆ. ಅಂತೋಣಿ ಹೋಗಿ ಸ್ವಲ್ಪ ಸಂದು ಬಿಟ್ಟಿದ್ದ ಕೋಣೆಯ ಬಾಗಿಲನ್ನು ಒತ್ತಿ ಮುಚ್ಚಿ ಬಂದ. ಸ್ವಲ್ಪ ಹೊತ್ತಿಗೆ ಬೆಂಕಿ ಅಲುಗಿತು, ಆಮೇಲೆ ನಿಧಾನವಾಗಿ ಒಲೆಯೊಳಕ್ಕೆ ಬಾಗಿ, ಹಾಗೆಯೇ ಬಾಗಿಕೊಂಡು ಉರಿಯಿತು. ಆಂಟಿ ಕಷ್ಟಪಟ್ಟು ಮಂಡಿಯೂರಿ ಕೈಯನ್ನು ಒಲೆಯ ಬಾಯಿಗೆ ಹಿಡಿದರು.

"ಈ ಕೋಣೆಗಳು ಯಾಕೆ ಈಗ ಬೂಷ್ಟಿನ ವಾಸನೆ ಹೊಡೆಯಲ್ಲ ಅಂತ ನಾನೂ ಯೋಚಿಸ್ತಿದ್ದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನಿನ್ನ ಗಂಡನ ಕೆಲಸ ತಪ್ಪು ಅಂತ ಹೇಳೋಕೆ ಅಷ್ಟು ದೂರದಿಂದ ಬಂದೆಯಾ?"

"ಹೌದು ಆಂಟಿ."

"ಹಾಗಾದರೆ ಈ ಚೌಕಟ್ಟನ್ನು ಏನು ಮಾಡಲಿ?"

"ನನಗೆ ಕೊಡಿ."

ಆಂಟಿ ಕಂಟ್ರಾಕ್ಟರಿಗೆ ಫೋನ್ ಮಾಡಲು ದಿಬ್ಬದ ತುದಿಗೆ ಹೋದರು. ಗೋಡೆ ಹಾಗೆಯೇ ಇರಲಿ, ಶನಿವಾರ ಜನ ಬೇಡ ಎಂದು ಗಟ್ಟಿಯಾಗಿ ಹೇಳುತ್ತಿದ್ದದ್ದು ಕೇಳಿಸಿತು. ಅಂತೋಣಿ ಕೆಂಪು ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸತೊಡಗಿದ. ಪೂರ್ತಿ ಹೋಗಲಿಲ್ಲ. ಆಮೇಲೆ ಬರುತ್ತೇನೆ ಅಕ್ಕಾ ಎಂದು ಅವನೂ ಹೊರಗೆ ಹೋದ.

ನಾನು ಎಡಗಡೆಯ ಕೋಣೆಗೆ ಹೋದೆ. ಅವರನ್ನು ಕರೆದುಕೊಂಡು ಹೋದ ಮೇಲೆ ನಾನು ಆ ಕೋಣೆಯ ಒಳಗೆ ಕೂತದ್ದೇ ಇಲ್ಲ. ಒಲೆಯ ಸರಳು ಅಲ್ಲೇ ಇತ್ತು. ಅದರ ಒಂದು ಕಡೆ ತುಕ್ಕು ಉದುರಿ ಕಬ್ಬಿಣ ಹೊಳೆಯುತ್ತಿತ್ತು. ಮಂಡಿಯೂರಿ, ತಲೆ ಬಗ್ಗಿಸಿ, ಅವರ ಅರ್ಧವನ್ನು ಹೇಳಿದೆ, ಕೊಂಕಣಿಯಲ್ಲಿ. ಅಷ್ಟು ವರ್ಷ ಕೇಳಿ ಕೇಳಿ ಬಂದದ್ದು, ಒಂದು ದಿನವೂ ನನ್ನ ಬಾಯಿಂದ ಹೊರಡದೇ ಇದ್ದದ್ದು. ಅಲ್ಲಲ್ಲಿ ತಪ್ಪಿರಬೇಕು. ಶಬ್ದ ಮಸಿಯೊಳಗೆ ಹತ್ತಿ ಹೋಯಿತು.

ಉತ್ತರ ಬರಬೇಕಾದದ್ದು ಆಚೆ ಕೋಣೆಯಿಂದ. ನಾನು ಎದ್ದು, ಮುಂಬಾಗಿಲ ಬಳಿಯ ಸಣ್ಣ ಜಾಗವನ್ನು ಹಾದು, ಬಲಗಡೆಯ ಕೋಣೆಗೆ ಹೋಗಿ, ನನ್ನ ಒಲೆಯ ಮುಂದೆ ಕೂತೆ.